ಆಸ್ಪತ್ರೆಗೆ ಕಂಪ್ಯೂಟರ್ ತಂದವರು ಯಾರು?



ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮುಂದೇನು? ವಿಜ್ಞಾನ ಎಂದು ನೀವು ಉತ್ತರಿಸಿದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಜೀವಶಾಸ್ತ್ರವೋ, ಕಂಪ್ಯೂಟರ್ ವಿಜ್ಞಾನವೋ ಎಂದು ಮತ್ತೆ ಕೇಳುತ್ತಾರೆ. ಮೊದಲನೆಯದಾದರೆ ಡಾಕ್ಟರು, ಎರಡನೆಯದಾದರೆ ಎಂಜಿನಿಯರು. ಒಂದು ದಾರಿ ಹಿಡಿದವರು ಇನ್ನೊಂದರ ಕಡೆ ತಿರುಗಿ ನೋಡಬೇಕಾಗಿಲ್ಲ ಎಂಬ ಭಾವನೆ ಹಿರಿಯರಲ್ಲಿದೆ. ಅದು ನಿಮ್ಮಲ್ಲಿಯೂ ಬೇರೂರಿದೆ.

ಆದರೆ ಇಂದು ಯಾವುದಾದರೂ ದೊಡ್ಡ ಆಸ್ಪತ್ರೆಗೆ ಹೋಗಿ ನೋಡಿ. ಹೊರರೋಗಿಗಳ ಚೀಟಿ ಕಂಪ್ಯೂಟರಿನಿಂದ ಬರುತ್ತದೆ. ರಕ್ತ ಪರೀಕ್ಷೆಯ ವರದಿ ಮೊಬೈಲಿಗೆ ಬರುತ್ತದೆ. ಎಕ್ಸ್-ರೇ ಚಿತ್ರವನ್ನು ವೈದ್ಯರು ಪರದೆಯ ಮೇಲೆ ನೋಡುತ್ತಾರೆ. ನೂರಾರು ಕಿಲೋಮೀಟರ್ ದೂರದ ತಜ್ಞರು ಹಳ್ಳಿಯ ರೋಗಿಯೊಡನೆ ಮಾತನಾಡುತ್ತಾರೆ. ಇದನ್ನೆಲ್ಲ ಒಟ್ಟಾಗಿ ಡಿಜಿಟಲ್ ಆರೋಗ್ಯ ಸೇವೆ ಎಂದು ಕರೆಯುತ್ತೇವೆ. ಇಲ್ಲಿ ಡಾಕ್ಟರ ದಾರಿಯೂ ಎಂಜಿನಿಯರ ದಾರಿಯೂ ಒಂದೇ ಕೋಣೆಗೆ ಬಂದು ಸೇರಿವೆ. ಹಾಗಾದರೆ ಈ ಬದಲಾವಣೆಯ ಮುಂದಾಳುಗಳು ಯಾರು? ಅವರು ಏನು ಓದಿದವರು? ಯಾವ ವೃತ್ತಿಯಿಂದ ಬಂದವರು? ಈ ಭಾಷಣದಲ್ಲಿ ಇದನ್ನೇ ಪರಿಶೀಲಿಸೋಣ.

ಮೊದಲು ವೈದ್ಯರನ್ನು ನೋಡೋಣ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಹೋಮರ್ ವಾರ್ನರ್ ಎಂಬ ವೈದ್ಯರಿದ್ದರು. ವೈದ್ಯ ಪದವಿಯ ನಂತರ ಶರೀರಕ್ರಿಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಹೃದಯ ಮತ್ತು ರಕ್ತ ಪರಿಚಲನೆಯ ಅಧ್ಯಯನ ಮಾಡಿದವರು. 1961ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಒಂದು ಪ್ರಬಂಧ ಪ್ರಕಟಿಸಿದರು. ಹುಟ್ಟಿನಿಂದಲೇ ಬರುವ ಹೃದಯದ ದೋಷಗಳನ್ನು ಗಣಿತದ ಸಹಾಯದಿಂದ ಗುರುತಿಸಬಹುದೇ ಎಂಬುದು ಅದರ ವಿಷಯ. ಅವರು ಬಳಸಿದ ಗಣಿತ ಯಾವುದು ಗೊತ್ತೇ? ಬೇಯ್ಸ್ ಪ್ರಮೇಯ. ಹೌದು, ದ್ವಿತೀಯ ಪಿ.ಯು.ಸಿ. ಗಣಿತದಲ್ಲಿ ಸಂಭವನೀಯತೆಯ ಅಧ್ಯಾಯದಲ್ಲಿ ಬರುವ ಅದೇ ಪ್ರಮೇಯ. 'ಇಂಥ ಲಕ್ಷಣ ಕಂಡಿದೆ; ಹಾಗಾದರೆ ಇಂಥ ರೋಗ ಇರುವ ಸಂಭವ ಎಷ್ಟು?' ಎಂಬುದು ವೈದ್ಯರ ನಿತ್ಯದ ಪ್ರಶ್ನೆ. ಅನುಭವಿ ವೈದ್ಯರು ಅದನ್ನು ಮನಸ್ಸಿನಲ್ಲೇ ತೂಗುತ್ತಾರೆ. ವಾರ್ನರ್ ಅದನ್ನು ಅಂಕಿಗಳಲ್ಲಿ ಬರೆದು ಕಂಪ್ಯೂಟರಿಗೆ ಒಪ್ಪಿಸಿದರು. ಮುಂದೆ ಅವರ ತಂಡವು 'ಹೆಲ್ಪ್' ಎಂಬ ಆಸ್ಪತ್ರೆ ವ್ಯವಸ್ಥೆಯನ್ನು ರೂಪಿಸಿತು. ವೈದ್ಯರ ನಿರ್ಧಾರಕ್ಕೆ ನೆರವಾಗಬಲ್ಲ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಮೊದಲಿನವುಗಳ ಸಾಲಿಗೆ ಅದು ಸೇರುತ್ತದೆ.

ಇನ್ನೊಬ್ಬ ವೈದ್ಯರು ಕ್ಲೆಮೆಂಟ್ ಮೆಕ್‌ಡೊನಾಲ್ಡ್. ಅವರು ವೈದ್ಯ ಪದವಿಯ ಜೊತೆಗೆ ಜೀವವೈದ್ಯಕೀಯ ಎಂಜಿನಿಯರಿಂಗ್‌ನಲ್ಲಿಯೂ ಸ್ನಾತಕೋತ್ತರ ಪದವಿ ಪಡೆದವರು. ಇಂಡಿಯಾನಾ ರಾಜ್ಯದ ಒಂದು ಹೊರರೋಗಿ ವಿಭಾಗದಲ್ಲಿ ಅವರು ನಡೆಸಿದ ಪ್ರಯೋಗ ಬಹಳ ಸರಳವಾದದ್ದು. ರೋಗಿಯ ಹಳೆಯ ದಾಖಲೆಗಳನ್ನು ಕಂಪ್ಯೂಟರ್ ಮೊದಲೇ ಓದುತ್ತಿತ್ತು. 'ಈ ರೋಗಿಗೆ ಇಂಥ ಪರೀಕ್ಷೆ ಮಾಡಿಸಬೇಕಾಗಿದೆ', 'ಈ ಔಷಧಿಯ ಪ್ರಮಾಣವನ್ನು ಮತ್ತೊಮ್ಮೆ ನೋಡಿ' ಎಂಬಂಥ ಜ್ಞಾಪನೆಗಳನ್ನು ಕಾಗದದ ಮೇಲೆ ಅಚ್ಚು ಮಾಡಿ ಕೊಡುತ್ತಿತ್ತು. ಫಲಿತಾಂಶ 1976ರಲ್ಲಿ ಪ್ರಕಟವಾಯಿತು. ಜ್ಞಾಪನೆ ಇದ್ದಾಗ ವೈದ್ಯರು ಗಮನಿಸಬೇಕಾದ ಸಂಗತಿಗಳಲ್ಲಿ ಶೇಕಡ 51ರಷ್ಟಕ್ಕೆ ಸ್ಪಂದಿಸಿದರು. ಜ್ಞಾಪನೆ ಇಲ್ಲದಾಗ ಕೇವಲ ಶೇಕಡ 22ಕ್ಕೆ.

ಇದರ ಅರ್ಥವನ್ನು ಎಚ್ಚರಿಕೆಯಿಂದ ತಿಳಿಯಬೇಕು. ಆ ವೈದ್ಯರು ತಿಳಿಯದವರಾಗಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಒಂದು ದಿನದಲ್ಲಿ ಹತ್ತಾರು ರೋಗಿಗಳನ್ನು ನೋಡುವಾಗ ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳಲು ಮನುಷ್ಯನಿಗೆ ಸಾಧ್ಯವಿಲ್ಲ ಎಂಬುದೇ ಮೆಕ್‌ಡೊನಾಲ್ಡ್ ಕಂಡುಕೊಂಡ ಸತ್ಯ. ಹೊರಗಿನಿಂದ ಬಂದ ತಂತ್ರಜ್ಞನು ಇದೇ ಅಂಕಿಗಳನ್ನು ಹಿಡಿದು 'ವೈದ್ಯರಿಗಿಂತ ಯಂತ್ರವೇ ಮೇಲು' ಎಂದು ಸಾರಬಹುದಿತ್ತು. ಸ್ವತಃ ರೋಗಿಗಳನ್ನು ನೋಡಿದವರಾದ್ದರಿಂದ ಅವರು ದೋಷವನ್ನು ವೈದ್ಯರ ಮೇಲೆ ಹೊರಿಸಲಿಲ್ಲ. ನೆನಪಿನ ಮಿತಿಯಲ್ಲಿ ಕಂಡರು.

ಇದೇ ಮೆಕ್‌ಡೊನಾಲ್ಡ್ 1994ರಲ್ಲಿ ಇನ್ನೊಂದು ಕೆಲಸಕ್ಕೆ ನಾಂದಿ ಹಾಡಿದರು. ಒಂದೇ ರಕ್ತ ಪರೀಕ್ಷೆಯನ್ನು ಒಂದು ಪ್ರಯೋಗಾಲಯದಲ್ಲಿ ಹೀಮೋಗ್ಲೋಬಿನ್ ಎಂದು ಬರೆಯುತ್ತಾರೆ, ಇನ್ನೊಂದರಲ್ಲಿ ಎಚ್‌ಬಿ ಎನ್ನುತ್ತಾರೆ, ಮತ್ತೊಂದರಲ್ಲಿ ಎಚ್‌ಜಿಬಿ. ಓದುವ ವೈದ್ಯರಿಗೆ ಮೂರೂ ಒಂದೇ. ಕಂಪ್ಯೂಟರಿಗೆ ಅವು ಮೂರು ಬೇರೆ ಬೇರೆ ಪರೀಕ್ಷೆಗಳು! ಪ್ರತಿ ಪರೀಕ್ಷೆಗೂ ಜಗತ್ತಿನಾದ್ಯಂತ ಒಂದೇ ಸಂಕೇತ ಸಂಖ್ಯೆ ಇರಬೇಕೆಂಬ ಯೋಜನೆಯೇ 'ಲಾಯಿಂಕ್'. ಅದರಲ್ಲಿ ರಕ್ತದ ಹೀಮೋಗ್ಲೋಬಿನ್‌ಗೆ 718-7 ಎಂಬ ಸಂಖ್ಯೆ. ಹೊರಗಿನಿಂದ ನೋಡಿದರೆ ಇದು ಗುಮಾಸ್ತರ ಕೆಲಸದಂತೆ ಕಾಣುತ್ತದೆ. ಆದರೆ ಒಂದು ಆಸ್ಪತ್ರೆಯ ವರದಿಯನ್ನು ಇನ್ನೊಂದು ಆಸ್ಪತ್ರೆಯ ಕಂಪ್ಯೂಟರ್ ಅರ್ಥ ಮಾಡಿಕೊಳ್ಳಬೇಕಾದರೆ ಇಂಥ ಅಡಿಪಾಯ ಬೇಕೇ ಬೇಕು.

ಈಗ ಎಂಜಿನಿಯರುಗಳ ಮತ್ತು ಗಣಿತ ಓದಿದವರ ಕಡೆಗೆ ಬರೋಣ. ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನಲ್ಲಿ ಆಕ್ಟೋ ಬಾರ್ನೆಟ್ ಎಂಬ ಹೃದ್ರೋಗ ತಜ್ಞರು 1960ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರಯೋಗಾಲಯವೊಂದನ್ನು ನಡೆಸುತ್ತಿದ್ದರು. ಅಲ್ಲಿಗೆ ಎಂ.ಐ.ಟಿ.ಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿದ್ದ ನೀಲ್ ಪಪಲಾರ್ಡೊ ಎಂಬ ಯುವಕ ಬಂದರು. ಆಸ್ಪತ್ರೆಯ ಒಳಗೇ ಕುಳಿತು ಅವರೂ ಅವರ ಸಂಗಡಿಗರೂ 1966-67ರಲ್ಲಿ ಒಂದು ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಅದರ ಹೆಸರು 'ಮಂಪ್ಸ್'. ಮಂಗನಬಾವಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಆಸ್ಪತ್ರೆಯಲ್ಲಿ ಹುಟ್ಟಿದ ಭಾಷೆಗೆ ಕಾಯಿಲೆಯ ಹೆಸರೇ ಅಂಟಿಕೊಂಡಿತು! ರೋಗಿಗಳ ದಾಖಲೆ ಬ್ಯಾಂಕಿನ ಲೆಕ್ಕದಂತೆ ಅಚ್ಚುಕಟ್ಟಾದ ಕಂಬಸಾಲುಗಳಲ್ಲಿ ಇರುವುದಿಲ್ಲ. ಒಬ್ಬರಿಗೆ ಎರಡು ಪರೀಕ್ಷೆ, ಇನ್ನೊಬ್ಬರಿಗೆ ಇನ್ನೂರು. ಈ ಏರುಪೇರನ್ನು ತಾಳಿಕೊಳ್ಳುವಂತೆ ಆ ಭಾಷೆ ಮೈತಳೆಯಿತು. ಅದರ ಸಂತತಿ ಇಂದಿಗೂ ಅಮೆರಿಕದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ದುಡಿಯುತ್ತಿದೆ.

ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನ ಕಥೆಯೂ ಇದಕ್ಕೆ ಹತ್ತಿರದ್ದು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ವಾರ್ನರ್ ಸ್ಲ್ಯಾಕ್ ಎಂಬ ನರರೋಗ ತಜ್ಞರು ರೋಗಿಯೇ ಕಂಪ್ಯೂಟರಿನ ಮುಂದೆ ಕುಳಿತು ತನ್ನ ಕಾಯಿಲೆಯ ವೃತ್ತಾಂತ ಹೇಳುವ ಏರ್ಪಾಡನ್ನು 1966ರಲ್ಲಿಯೇ ಪ್ರಕಟಿಸಿದ್ದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ ಜೂಡಿತ್ ಫಾಕ್ನರ್ ಮೂಲತಃ ಗಣಿತದ ಪದವೀಧರೆ. ಅವರು 1979ರಲ್ಲಿ ಒಂದು ನೆಲಮಾಳಿಗೆಯಲ್ಲಿ ಸಣ್ಣದಾಗಿ ಆರಂಭಿಸಿದ ಸಂಸ್ಥೆಯೇ ಮುಂದೆ 'ಎಪಿಕ್' ಎಂಬ ಹೆಸರಿನಲ್ಲಿ ಆಸ್ಪತ್ರೆ ದಾಖಲೆಗಳ ತಂತ್ರಾಂಶದಲ್ಲಿ ಅಗ್ರಸ್ಥಾನಕ್ಕೆ ಏರಿತು. ಫಾಕ್ನರ್ ವೈದ್ಯರಲ್ಲ. ಆದರೆ ವೈದ್ಯರ ಕೆಲಸದ ಪಕ್ಕದಲ್ಲಿಯೇ ನಿಂತು ತಮ್ಮ ವಿದ್ಯೆಯನ್ನು ಬೆಳೆಸಿಕೊಂಡವರು.

ಮಿತ್ರರೇ, ಮುಂದಾಳುಗಳ ಪಟ್ಟಿ ಡಾಕ್ಟರು ಮತ್ತು ಎಂಜಿನಿಯರುಗಳಿಗೆ ಮುಗಿಯಿತು ಎಂದು ತಿಳಿಯಬೇಡಿ. ಅಮೆರಿಕದಲ್ಲಿ ನಿವೃತ್ತ ಸೈನಿಕರಿಗಾಗಿ ಸರ್ಕಾರವೇ ನಡೆಸುವ ಆಸ್ಪತ್ರೆಗಳಿವೆ. ಅಂಥ ಒಂದು ಆಸ್ಪತ್ರೆ ಕನ್ಸಾಸ್ ರಾಜ್ಯದ ಟೊಪೀಕಾದಲ್ಲಿದೆ. ಅಲ್ಲಿ ಸ್ಯೂ ಕಿನ್ನಿಕ್ ಎಂಬ ನರ್ಸ್ ಕೆಲಸ ಮಾಡುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅವರು ಬಾಡಿಗೆ ಕಾರೊಂದನ್ನು ಹಿಂದಿರುಗಿಸುವಾಗ ಅಲ್ಲಿನ ನೌಕರರು ಕೈಯಲ್ಲಿ ಹಿಡಿದ ಸಣ್ಣ ಯಂತ್ರದಿಂದ ಕಾರಿನ ಪಟ್ಟಿ ಸಂಕೇತವನ್ನು, ಅಂದರೆ ಬಾರ್‌ಕೋಡನ್ನು, ಓದಿಸಿದ್ದನ್ನು ಕಂಡರು. ಕಾರಿಗೆ ಇದನ್ನು ಮಾಡಬಹುದಾದರೆ ಔಷಧಿಗೆ ಏಕೆ ಮಾಡಬಾರದು? ರೋಗಿಯ ಕೈಪಟ್ಟಿಯ ಮೇಲೊಂದು ಸಂಕೇತ, ಔಷಧಿಯ ಪೊಟ್ಟಣದ ಮೇಲೊಂದು ಸಂಕೇತ. ಎರಡನ್ನೂ ಓದಿಸಿದಾಗ ರೋಗಿ, ಔಷಧಿ, ಪ್ರಮಾಣ, ವೇಳೆ ಎಲ್ಲವೂ ಹೊಂದಬೇಕು. ಹೊಂದದಿದ್ದರೆ ಯಂತ್ರ ಎಚ್ಚರಿಸಬೇಕು. ಟೊಪೀಕಾದಲ್ಲಿ ಪ್ರಯೋಗವಾದ ಈ ವಿಧಾನ ನಂತರ ಆ ಸಂಸ್ಥೆಯ ಆಸ್ಪತ್ರೆಗಳಿಗೆಲ್ಲ ಹರಡಿತು.

ಈ ಯೋಚನೆ ಒಬ್ಬ ನರ್ಸಿಗೆ ಹೊಳೆದದ್ದು ಆಕಸ್ಮಿಕವಲ್ಲ. ವೈದ್ಯರು ಔಷಧಿ ಬರೆಯುತ್ತಾರೆ, ಔಷಧಾಲಯದವರು ಕೊಡುತ್ತಾರೆ; ಆದರೆ ರಾತ್ರಿ ಎರಡು ಗಂಟೆಗೆ, ಮಂದ ಬೆಳಕಿನ ವಾರ್ಡಿನಲ್ಲಿ, ಅದನ್ನು ರೋಗಿಯ ಬಾಯಿಗೆ ಮುಟ್ಟಿಸುವವರು ನರ್ಸ್. ತಪ್ಪಾಗದಂತೆ ತಡೆಯಲು ಉಳಿದಿರುವ ಕೊನೆಯ ಕೈ ಅದು. ಸಮಸ್ಯೆ ಎಲ್ಲಿದೆ ಎಂಬುದು ಅಲ್ಲಿ ದುಡಿಯುವವರಿಗೆ ಕಾಣುವಂತೆ ಬೇರೆಯವರಿಗೆ ಕಾಣುವುದಿಲ್ಲ.

ಹಾಗಾದರೆ ಆಡಳಿತಗಾರರ ಪಾತ್ರವೇನು? ಇದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಆರ್.ಎಸ್. ಶರ್ಮ ಅವರು ಕಾನ್ಪುರದ ಐ.ಐ.ಟಿ.ಯಲ್ಲಿ ಗಣಿತ ಓದಿ, 1978ರ ತಂಡದ ಐ.ಎ.ಎಸ್. ಅಧಿಕಾರಿಯಾದವರು. ನಂತರ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಧಾರ್ ಪ್ರಾಧಿಕಾರದ ಮೊದಲ ಮಹಾನಿರ್ದೇಶಕರಾಗಿ ದುಡಿದ ಅವರು 2021ರಲ್ಲಿ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಮುಖ್ಯಸ್ಥರಾದರು. ಅದೇ ವರ್ಷ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಆರಂಭವಾಯಿತು. ಕೊರೊನಾ ಲಸಿಕೆಗಾಗಿ ರೂಪಿಸಿದ ಕೋವಿನ್ ವ್ಯವಸ್ಥೆಯ ನೇತೃತ್ವವೂ ಅವರಲ್ಲಿತ್ತು. 2021ರ ಜನವರಿ 16ರಂದು ಆರಂಭವಾದ ಲಸಿಕೆ ಅಭಿಯಾನ 2022ರ ಜುಲೈ 17ರಂದು 200 ಕೋಟಿ ಡೋಸುಗಳನ್ನು ದಾಟಿತು. ಇಷ್ಟು ದೊಡ್ಡ ಪ್ರಮಾಣದ ಲೆಕ್ಕವನ್ನು ಹೊಂದಿಸುವುದು, ರಾಜ್ಯಗಳನ್ನು ಒಟ್ಟಿಗೆ ಕರೆದೊಯ್ಯುವುದು ಆಡಳಿತದ ಅನುಭವವಿಲ್ಲದೆ ಆಗುವ ಕೆಲಸವಲ್ಲ.

ಆದರೆ ಅದೇ ಕೋವಿನ್ ನಮಗೆ ಇನ್ನೊಂದು ಪಾಠವನ್ನೂ ಕಲಿಸಿತು. 18ರಿಂದ 44 ವರ್ಷದವರು ಮೊದಲೇ ಅಂತರ್ಜಾಲದಲ್ಲಿ ಹೆಸರು ನೋಂದಾಯಿಸಬೇಕು ಎಂದಾಗ ಮೊಬೈಲ್ ಇಲ್ಲದವರ, ಇಂಗ್ಲಿಷ್ ಬಾರದವರ ಗತಿಯೇನು ಎಂಬ ಪ್ರಶ್ನೆ ಎದ್ದಿತು. 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಪ್ರಶ್ನೆಯನ್ನು ಕೇಳಿತು. ಸರ್ಕಾರಿ ಲಸಿಕಾ ಕೇಂದ್ರದಲ್ಲೇ ಹೆಸರು ಬರೆಸುವ ಅವಕಾಶ ಅದೇ ತಿಂಗಳು ಬಂತು. ಜೂನ್ ತಿಂಗಳಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳು ಕೋವಿನ್‌ನಲ್ಲಿ ಕಾಣಿಸಿಕೊಂಡವು. ಕಂಪ್ಯೂಟರ್ ಜ್ಞಾನವೂ ಆಡಳಿತದ ಅನುಭವವೂ ಇದ್ದ ಕಡೆಯಲ್ಲೂ, ಬಳಸುವವರ ಧ್ವನಿ ಮೊದಲು ಕೇಳದಿದ್ದರೆ ಆಮೇಲೆ ಕೇಳಲೇಬೇಕಾಗುತ್ತದೆ.

ಮೊದಲು ಕೇಳದೆ ಹೋದರೆ ಎಷ್ಟು ನಷ್ಟವಾಗಬಹುದು? ಇದಕ್ಕೆ ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿನ ಸರ್ಕಾರ 2002ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸುವ ಬೃಹತ್ ಯೋಜನೆ ಕೈಗೊಂಡಿತು. ಅದರ ಮುಖ್ಯಸ್ಥರಾಗಿದ್ದ ರಿಚರ್ಡ್ ಗ್ರೇಂಜರ್ ಆಡಳಿತ ಸಲಹೆಗಾರರ ವೃತ್ತಿಯಿಂದ ಬಂದವರು. ಗುತ್ತಿಗೆಗಳನ್ನು ಬಿಗಿಯಾಗಿ, ವೇಗವಾಗಿ ಕುದುರಿಸುವುದರಲ್ಲಿ ನಿಪುಣರು. ನಿರ್ಧಾರಗಳು ಕೇಂದ್ರದಲ್ಲಿ ಆದವು. ವಾರ್ಡಿನಲ್ಲಿ ದುಡಿಯುವ ವೈದ್ಯರು ಮತ್ತು ನರ್ಸುಗಳು ತಮ್ಮನ್ನು ಸಾಕಷ್ಟು ಕೇಳಲಿಲ್ಲ ಎಂದು ದೂರಿದರು. ಒಟ್ಟು 1,140 ಕೋಟಿ ಪೌಂಡುಗಳ ಅಂದಾಜಿನ ಆ ಯೋಜನೆಯನ್ನು ಬಿಡಿಸಿಹಾಕುವುದಾಗಿ 2011ರಲ್ಲಿ ಸರ್ಕಾರವೇ ಘೋಷಿಸಿತು. ಸೋಲನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಯೋಜನೆಯ ಗಾತ್ರ, ಅವಸರದ ಗಡುವು, ಗುತ್ತಿಗೆದಾರರ ತೊಂದರೆಗಳು ಎಲ್ಲವೂ ಅದಕ್ಕೆ ಕಾರಣವಾದವು. ಆದರೆ ಮುಂದೆ 2016ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ವಾಕ್ಟರ್ ಅವರ ನೇತೃತ್ವದ ಸಮಿತಿ ಕೊಟ್ಟ ಸಲಹೆಗಳಲ್ಲಿ ಒಂದನ್ನು ಗಮನಿಸಿ: ಪ್ರತಿ ಆಸ್ಪತ್ರೆಗೂ ರೋಗಿಗಳನ್ನು ನೋಡುವ ಅನುಭವದ ಜೊತೆಗೆ ಮಾಹಿತಿ ವಿಜ್ಞಾನದಲ್ಲಿಯೂ ತರಬೇತಿ ಪಡೆದವರು ಬೇಕು.

ಹಾಗೆಂದು ಮುಂದಾಳು ವೈದ್ಯನಾದರೆ ಎಲ್ಲವೂ ಸರಿಹೋಗುತ್ತದೆಯೇ? ಅದೂ ಇಲ್ಲ. ಅಮೆರಿಕದಲ್ಲಿ 2009ರ ಕಾನೂನು ಆಸ್ಪತ್ರೆಗಳಿಗೆ ಧನಸಹಾಯ ನೀಡಿ ಕಂಪ್ಯೂಟರ್ ದಾಖಲೆಗಳನ್ನು ಪ್ರೋತ್ಸಾಹಿಸಿತು. ಆಗ ಅದರ ರಾಷ್ಟ್ರೀಯ ಸಂಯೋಜಕರಾಗಿದ್ದ ಡೇವಿಡ್ ಬ್ಲೂಮೆಂಥಾಲ್ ವೈದ್ಯರೇ. ಸಾಮಾನ್ಯ ಆಸ್ಪತ್ರೆಗಳಲ್ಲಿ 2008ರಲ್ಲಿ ಶೇಕಡ 9ರಷ್ಟಿದ್ದ ಬಳಕೆ 2015ರ ಹೊತ್ತಿಗೆ ಶೇಕಡ 80ನ್ನು ದಾಟಿತು. ಅದು ನಿಜಕ್ಕೂ ಸಾಧನೆ. ಆದರೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 57 ವೈದ್ಯರ ದಿನಚರಿಯನ್ನು ಪಕ್ಕದಲ್ಲೇ ಇದ್ದು ಗಮನಿಸಲಾಯಿತು. ಅವರ ಕೆಲಸದ ಸಮಯದಲ್ಲಿ ರೋಗಿಯೊಡನೆ ಮುಖಾಮುಖಿಯಾಗಿ ಕಳೆದದ್ದು ಶೇಕಡ 27. ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೋದದ್ದು ಶೇಕಡ 49! ಬಿಲ್ಲಿಗಾಗಿ, ನಿಯಮಗಳಿಗಾಗಿ, ವರದಿಗಳಿಗಾಗಿ ತುಂಬಬೇಕಾದ ಅಂಕಣಗಳು ಒಂದರ ಮೇಲೊಂದು ಸೇರಿಕೊಂಡು ವೈದ್ಯರ ಕಣ್ಣನ್ನು ರೋಗಿಯ ಮುಖದಿಂದ ಪರದೆಯ ಕಡೆಗೆ ತಿರುಗಿಸಿದವು.

ಹಾಗಾದರೆ ಪದವಿ ಯಾವುದೇ ಇರಲಿ, ಗೆದ್ದ ಕಡೆಯಲ್ಲೆಲ್ಲ ಕಾಣುವ ಗುಣ ಯಾವುದು? ನನಗೆ ತೋರುವುದು ಇಷ್ಟು. ಆ ಮುಂದಾಳುಗಳು ತಮ್ಮ ವೃತ್ತಿಯಲ್ಲಿ ಗಟ್ಟಿಯಾಗಿ ಕಾಲೂರಿದ್ದರು. ಜೊತೆಗೆ ಪಕ್ಕದ ವೃತ್ತಿಯ ಭಾಷೆಯನ್ನು ಶ್ರಮಪಟ್ಟು ಕಲಿತರು. ಮತ್ತು ಕೆಲಸ ನಡೆಯುವ ಜಾಗವನ್ನು ಬಿಟ್ಟು ದೂರ ಹೋಗಲಿಲ್ಲ. ನಾನು ವಿಜ್ಞಾನದ ಪದವೀಧರ, ವೃತ್ತಿಯಿಂದ ಟೆಲಿವಿಷನ್ ಕಾರ್ಯಕ್ರಮ ನಿರ್ಮಾಪಕ. ನಮ್ಮ ಸ್ಟುಡಿಯೋದಲ್ಲಿ ಕ್ಯಾಮೆರಾದವರ ಮಾತು ಬೇರೆ, ಧ್ವನಿಮುದ್ರಣದ ಎಂಜಿನಿಯರ ಮಾತು ಬೇರೆ, ಕಲಾವಿದರ ಮಾತು ಇನ್ನೂ ಬೇರೆ. ನಿರ್ಮಾಪಕನಿಗೆ ಎಲ್ಲರ ಕೆಲಸವೂ ಬರಬೇಕಾಗಿಲ್ಲ. ಆದರೆ 'ಇದು ಆಗುವುದಿಲ್ಲ' ಎಂದು ಎಂಜಿನಿಯರು ಹೇಳಿದಾಗ ಏಕೆ ಆಗುವುದಿಲ್ಲ ಎಂಬುದು ಅರ್ಥವಾಗುವಷ್ಟಾದರೂ ಅವರ ವಿದ್ಯೆ ತಿಳಿದಿರಬೇಕು. ಸ್ಟುಡಿಯೋದಲ್ಲಿ ಅದು ತಿಳಿಯದಿದ್ದರೆ ಕಾರ್ಯಕ್ರಮ ಕೆಡುತ್ತದೆ, ಅಷ್ಟೇ. ಆಸ್ಪತ್ರೆಯಲ್ಲಾದರೆ ಒಂದು ಜೀವಕ್ಕೆ ಅಪಾಯವಾಗಬಹುದು.

ನಮ್ಮ ಕರ್ನಾಟಕದಲ್ಲಿಯೂ ಈ ಕೂಡುವಿಕೆ ನಡೆದಿದೆ. 2000ರ ದಶಕದ ಆರಂಭದಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಒಂದು ಕಡೆ ಹೃದಯ ಶಸ್ತ್ರಚಿಕಿತ್ಸಕ ದೇವಿ ಶೆಟ್ಟಿ ಅವರ ತಂಡ, ಇನ್ನೊಂದು ಕಡೆ ಬಾಹ್ಯಾಕಾಶ ಎಂಜಿನಿಯರುಗಳು. ಇತ್ತೀಚಿನ ಉದಾಹರಣೆ 'ಟೆಲಿ ಮಾನಸ್'. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ತಾಂತ್ರಿಕ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. 14416 ಎಂಬ ಸಂಖ್ಯೆಗೆ ಸಾಧಾರಣ ಫೋನಿನಿಂದಲೇ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪರೀಕ್ಷೆಯ ಭಯ, ಮನಸ್ಸಿನ ದುಗುಡ ಇದ್ದಾಗ ನೀವೂ ಸಂಕೋಚವಿಲ್ಲದೆ ಈ ಸಂಖ್ಯೆಯನ್ನು ಬಳಸಬಹುದು.

ಆದರೂ ನಾವು ಸಾಗಬೇಕಾದ ದಾರಿ ಬಹಳ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಾಯಕಿಯರನ್ನೋ ಆಶಾ ಕಾರ್ಯಕರ್ತೆಯರನ್ನೋ ಮಾತನಾಡಿಸಿ ನೋಡಿ. ಗರ್ಭಿಣಿಯ ತೂಕ, ರಕ್ತದೊತ್ತಡ, ಮಗುವಿನ ಲಸಿಕೆ ಎಲ್ಲವನ್ನೂ ಮೊದಲು ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಮೊಬೈಲಿನಲ್ಲಿಯೂ ತುಂಬಬೇಕಾಗಿ ಬಂದರೆ ಅವರ ಹೊರೆ ಇಮ್ಮಡಿಯಾಗುತ್ತದೆ. ಆ ಹೊರೆಯನ್ನು ಇಳಿಸುವ ತಂತ್ರಾಂಶ ಬರೆಯಬೇಕಾದವರು ಒಂದು ದಿನವಾದರೂ ಅವರ ಜೊತೆ ಬಿಸಿಲಿನಲ್ಲಿ ಮನೆ ಮನೆ ಸುತ್ತಬೇಕಲ್ಲವೇ? ನಾಳೆ ಆ ಕೆಲಸ ನಿಮ್ಮದಾಗಬಹುದು.

ಆದ್ದರಿಂದ ವಿಷಯವನ್ನು ಆರಿಸುವಾಗ ಅಂಜಬೇಡಿ. ಜೀವಶಾಸ್ತ್ರ ಓದುವವರು ಗಣಿತವನ್ನು, ಅದರಲ್ಲೂ ಸಂಖ್ಯಾಶಾಸ್ತ್ರವನ್ನು, ಕಡೆಗಣಿಸಬೇಡಿ. ಸಾಧ್ಯವಾದರೆ ಸ್ವಲ್ಪ ಪ್ರೋಗ್ರಾಮಿಂಗ್ ಕಲಿಯಿರಿ. ಕಂಪ್ಯೂಟರ್ ಓದುವವರು ರಜೆಯಲ್ಲಿ, ಅನುಮತಿ ಪಡೆದು, ಹತ್ತಿರದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲವು ದಿನ ಕುಳಿತು ಒಂದು ಕೇಸ್ ಶೀಟ್ ಎಲ್ಲೆಲ್ಲಿ ಸಾಗುತ್ತದೆ ಎಂಬುದನ್ನು ಗಮನಿಸಿ. ವೈದ್ಯಕೀಯ ಎಲೆಕ್ಟ್ರಾನಿಕ್ಸ್, ಜೀವವೈದ್ಯಕೀಯ ಎಂಜಿನಿಯರಿಂಗ್, ಆರೋಗ್ಯ ಮಾಹಿತಿ ನಿರ್ವಹಣೆಯಂಥ ಪದವಿ ಶಿಕ್ಷಣ ನಮ್ಮ ರಾಜ್ಯದಲ್ಲಿಯೇ ಲಭ್ಯವಿದೆ. ನರ್ಸಿಂಗ್ ಓದುವವರು, ಔಷಧ ವಿಜ್ಞಾನ ಓದುವವರು ತಾವು ಕೇವಲ ಇತರರು ತಯಾರಿಸಿದ್ದನ್ನು ಬಳಸುವವರು ಎಂದು ಭಾವಿಸಬೇಕಾಗಿಲ್ಲ. ಟೊಪೀಕಾದ ನರ್ಸಿನ ಕಥೆಯನ್ನು ನೀವು ಈಗಷ್ಟೇ ಓದಿದ್ದೀರಿ.

ಯಾವ ಹೊಸ ಯಂತ್ರ ಬಂದರೂ, ಈಗ ಬರುತ್ತಿರುವ ಕೃತಕ ಬುದ್ಧಿಮತ್ತೆಯೇ ಆಗಲಿ, ಮೂರು ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಇದರಿಂದ ಯಾರ ಕೆಲಸ ಹಗುರವಾಗುತ್ತದೆ? ಯಾರ ಕೆಲಸ ಹೆಚ್ಚುತ್ತದೆ? ಇದನ್ನು ಬಳಸಲಾರದ ರೋಗಿಗೆ ಬೇರೆ ದಾರಿ ಇದೆಯೇ? ಈ ಪ್ರಶ್ನೆಗಳನ್ನು ಕೇಳಲು ಯಾವ ಪದವಿಯೂ ಬೇಕಾಗಿಲ್ಲ. ಇವುಗಳಿಗೆ ಸರಿಯಾದ ಉತ್ತರ ಹುಡುಕಲು ಮಾತ್ರ ಹಲವು ಪದವಿಯವರು ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ. ಆ ಮೇಜಿನ ಸುತ್ತ ನಿಮ್ಮಲ್ಲಿ ಕೆಲವರನ್ನಾದರೂ ಕಾಣುವಂತಾಗಲಿ ಎಂದು ಹಾರೈಸುತ್ತೇನೆ.